ಮಗುವಿನ ಮನೆಮಾತು ಮತ್ತು ಇಂಗ್ಲಿಷ್ ಶಿಕ್ಷಣ

(ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕ–ಶಿಕ್ಷಕರ ಸಮಾವೇಶದಲ್ಲಿ ಧರ್ಮಗುರುಗಳು ನೀಡಿದ ಉಪನ್ಯಾಸದ ಪಾಠ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಪುಣ್ಯವತ್ಸರದಲ್ಲಿ ಗೋಪುರಕ್ಕೆ ಬಣ್ಣ ಬಳಿದಿದ್ದೇವೆ, ಹಳೆಯ ಗಂಟೆಯನ್ನು ದುರಸ್ತಿ ಮಾಡಿಸಿದ್ದೇವೆ, ಸಮಾಧಿ ಭೂಮಿಯ ಆವರಣ ಗೋಡೆಯನ್ನು ಹೊಸದಾಗಿ ಕಟ್ಟಿಸಿದ್ದೇವೆ. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳೇ. ಆದರೆ ನಮ್ಮ ಪೂರ್ವಿಕರು ದೇವಾಲಯದ ಪಕ್ಕದಲ್ಲಿಯೇ ಶಾಲೆಯನ್ನೂ ಕಟ್ಟಿದರೆಂಬುದನ್ನು ನಾವು ಮರೆಯಲಾಗದು. ಬಲಿಪೀಠಕ್ಕೂ ಕಪ್ಪುಹಲಗೆಗೂ ನಡುವೆ ಒಂದು ಅಂಗಳದಷ್ಟೇ ಅಂತರವಿರಬೇಕೆಂದು ಅವರು ಬಯಸಿದರು. ಆದುದರಿಂದ ಈ ಸಂಜೆ ನಾವು ಗೋಪುರದ ವಿಷಯವನ್ನು ಬಿಟ್ಟು ಆ ಕಪ್ಪುಹಲಗೆಯ ಮುಂದೆ ಕುಳಿತಿರುವ ಮಗುವಿನ ವಿಷಯವಾಗಿ ಕೆಲವು ಮಾತುಗಳನ್ನು ನಿವೇದಿಸಬಯಸುತ್ತೇವೆ.

ತಂದೆತಾಯಂದಿರು ನಮ್ಮ ಬಳಿ ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ‘ಫಾದರ್, ನಮ್ಮ ಮಗುವಿಗೆ ಇಂಗ್ಲಿಷ್ ಬರುತ್ತದೆಯೇ?’ ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರ ಕುಟುಂಬಗಳು ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಇವೆ. ಒಂದು ಅರ್ಜಿಯನ್ನು ತುಂಬಲಾರದೆ, ಸಂದರ್ಶನದಲ್ಲಿ ನಾಲ್ಕು ಮಾತನಾಡಲಾರದೆ ಹಿಂದಿರುಗಿದವರ ನೋವನ್ನು ನಾವು ಬಲ್ಲೆವು. ಬಡವನ ಮಗುವಿಗೆ ಇಂಗ್ಲಿಷ್ ಬೇಡವೆಂದು ಹೇಳುವ ಹಕ್ಕು ಇಂಗ್ಲಿಷನ್ನು ಬಲ್ಲ ನಮಗಾರಿಗೂ ಇಲ್ಲ. ಇಂಗ್ಲಿಷ್ ಬೇಕೇ ಬೇಡವೇ ಎಂಬುದು ಇಂದಿನ ವಿಷಯವಲ್ಲ. ಯಾವ ಮಾಧ್ಯಮ ಎಂಬುದೂ ಅಲ್ಲ. ಕನ್ನಡ ವಿಭಾಗದಲ್ಲಿರಲಿ, ಇಂಗ್ಲಿಷ್ ವಿಭಾಗದಲ್ಲಿರಲಿ, ನಮ್ಮ ಮಗುವಿಗೆ ಇಂಗ್ಲಿಷನ್ನು ಯಾವ ನೆಲದ ಮೇಲೆ ನಿಲ್ಲಿಸಿ ಕಲಿಸುತ್ತೇವೆ ಎಂಬುದೇ ವಿಷಯ. ಮಗುವಿನ ಮನೆಮಾತು, ಮನೆಯ ಕಸುಬು, ಮನೆಯ ಭಕ್ತಿ ಇವುಗಳನ್ನು ಶಾಲೆಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಡಿಸಿ ಒಳಗೆ ಕರೆಯುತ್ತೇವೆಯೇ, ಅಥವಾ ಅವುಗಳೊಡನೆಯೇ ಕರೆಯುತ್ತೇವೆಯೇ? ಮೊದಲನೆಯ ಮಾರ್ಗದಿಂದ ಮಗು ಮನೆಯನ್ನು ಕಳೆದುಕೊಳ್ಳುವುದಲ್ಲದೆ ಇಂಗ್ಲಿಷನ್ನೂ ಸರಿಯಾಗಿ ಪಡೆಯುವುದಿಲ್ಲವೆಂಬುದು ನಮ್ಮ ದೃಢವಾದ ನಂಬಿಕೆ.

ಪವಿತ್ರಾತ್ಮರ ಪಾಠ

ಧರ್ಮಸಭೆಯ ಜನ್ಮದಿನವಾದ ಪೆಂತೆಕೋಸ್ತು ಹಬ್ಬವನ್ನು ಸ್ಮರಿಸಿಕೊಳ್ಳೋಣ. ಜೆರುಸಲೇಮಿನಲ್ಲಿ ಅನೇಕ ದೇಶಗಳ ಯಾತ್ರಿಕರು ನೆರೆದಿದ್ದರು. ಪ್ರೇಷಿತರಲ್ಲಿ ಹಲವರು ಗಲಿಲೇಯದ ಬೆಸ್ತರು. ಪವಿತ್ರಾತ್ಮರು ಇಳಿದು ಬಂದಾಗ, ನೆರೆದವರೆಲ್ಲರೂ ಗಲಿಲೇಯದ ಭಾಷೆಯನ್ನು ಕಲಿತು ಬರಲಿ, ಅನಂತರ ಶುಭಸಂದೇಶವನ್ನು ಕೇಳಲಿ ಎಂಬ ನಿಯಮವನ್ನು ವಿಧಿಸಲಿಲ್ಲ. ಪ್ರತಿಯೊಬ್ಬನೂ ತಾನು ಹುಟ್ಟಿದ ನಾಡಿನ ಮಾತಿನಲ್ಲಿಯೇ ದೇವರ ಮಹತ್ಕಾರ್ಯಗಳನ್ನು ಕೇಳಿ ಬೆರಗಾದನೆಂದು ಪ್ರೇಷಿತರ ಕಾರ್ಯಕಲಾಪಗಳು ನಮಗೆ ತಿಳಿಸುತ್ತವೆ. ಕಲಿಯಬೇಕಾದವನ ಕಡೆಗೆ ಕಲಿಸುವವನು ಮೊದಲು ಹೆಜ್ಜೆಯಿಟ್ಟನು.

ನಮ್ಮ ಪ್ರಭುವಿನ ಬೋಧನಾಕ್ರಮವೂ ಇದೇ ಆಗಿತ್ತು. ಬೆಸ್ತರೊಡನೆ ಮಾತನಾಡಿದಾಗ ಬಲೆಯಿಂದ ಆರಂಭಿಸಿದರು, ರೈತರೊಡನೆ ಬಿತ್ತನೆಯಿಂದ, ಗೃಹಿಣಿಯರೊಡನೆ ಹಿಟ್ಟಿಗೆ ಸೇರಿಸುವ ಹುಳಿಯಿಂದಲೂ ಕಳೆದುಹೋದ ನಾಣ್ಯದಿಂದಲೂ ಆರಂಭಿಸಿದರು. ಅರಿಯದ ಸ್ವರ್ಗಸಾಮ್ರಾಜ್ಯಕ್ಕೆ ಅರಿತ ಸಾಸಿವೆಕಾಳು ಏಣಿಯಾಯಿತು. ಅರಿತುದರಿಂದ ಅರಿಯದುದರ ಕಡೆಗೆ ಎಂದು ಇಂದಿನ ಶಿಕ್ಷಣಶಾಸ್ತ್ರವು ಸೂತ್ರರೂಪದಲ್ಲಿ ಹೇಳುವುದನ್ನು ಪ್ರಭುವು ಗಲಿಲೇಯದ ದಂಡೆಯಲ್ಲಿ ಮಾಡಿ ತೋರಿಸಿದರು.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯನ್ನು ಕುರಿತ ತನ್ನ ಸಂವಿಧಾನವನ್ನು ಪ್ರಕಟಿಸಿ, ಪೂಜಾವಿಧಿಯಲ್ಲಿ ಜನರ ಮಾತಿಗೆ ಬಾಗಿಲು ತೆರೆಯಿತು. ಲತೀನಿನ ಪೂಜೆಯನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಬಲಿಪೀಠದಲ್ಲಿ ಗುರುಗಳು ಲತೀನಿನಲ್ಲಿ ಪ್ರಾರ್ಥಿಸುತ್ತಿದ್ದರೆ ಕೆಳಗೆ ತಾಯಂದಿರು ಮನೆಮಾತಿನಲ್ಲಿ ಜಪಮಾಲೆಯನ್ನು ಹೇಳುತ್ತಿದ್ದರೆಂದು ಅವರೇ ನಮಗೆ ತಿಳಿಸಿದ್ದಾರೆ. ಭಕ್ತಿಗೆ ಕೊರತೆಯಿರಲಿಲ್ಲ, ಆದರೆ ತುಟಿಗೂ ತಿಳಿವಿಗೂ ನಡುವೆ ಒಂದು ಗೋಡೆಯಿತ್ತು. ಆ ಗೋಡೆಯನ್ನು ಧರ್ಮಸಭೆಯು ದೇವಾಲಯದಲ್ಲಿ ತೆಗೆದುಹಾಕಿರುವಾಗ, ಅದೇ ಗೋಡೆಯನ್ನು ಅಂಗಳದ ಆಚೆಯ ಶಾಲೆಯಲ್ಲಿ ನಾವು ಕಟ್ಟುವುದು ಉಚಿತವೇ?

ಚರಿತ್ರೆಯ ಎರಡು ದಾರಿಗಳು

ನಮ್ಮ ಕರಾವಳಿಯ ಕಥೋಲಿಕರ ಚರಿತ್ರೆಯಲ್ಲಿ ಭಾಷೆಯ ವಿಷಯವಾಗಿ ಎರಡು ದಾರಿಗಳು ಸ್ಪಷ್ಟವಾಗಿ ಕಾಣುತ್ತವೆ.

ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು ಇಂಗ್ಲೆಂಡಿನಲ್ಲಿ ಜನಿಸಿದವರು. 1579ರಲ್ಲಿ ಗೋವೆಗೆ ಬಂದು, 1619ರಲ್ಲಿ ದೈವಾಧೀನರಾಗುವವರೆಗೆ ನಾಲ್ವತ್ತು ವರ್ಷಗಳ ಕಾಲ ಅಲ್ಲಿಯೇ ಸೇವೆ ಸಲ್ಲಿಸಿದರು. ಮಾತೃಭಾಷೆ ಇಂಗ್ಲಿಷ್ ಆಗಿದ್ದ ಈ ಗುರುಗಳು ಜನರಿಗೆ ಇಂಗ್ಲಿಷನ್ನು ಕಲಿಸಹೋಗಲಿಲ್ಲ. ತಾವೇ ಜನರ ಭಾಷೆಗಳನ್ನು ಕಲಿತರು. 1616ರಲ್ಲಿ ಪ್ರಕಟವಾದ ಅವರ ‘ಕ್ರಿಸ್ತಪುರಾಣ’ವು ಮರಾಠಿಯಲ್ಲಿ, ಈ ನೆಲದ ಓವಿ ಛಂದಸ್ಸಿನಲ್ಲಿ, ಈ ನೆಲಕ್ಕೆ ಪರಿಚಿತವಾದ ಪುರಾಣದ ರೂಪದಲ್ಲಿ ರಚಿತವಾಗಿದೆ. ಅವರ ಕೊಂಕಣಿ ವ್ಯಾಕರಣವು ಅವರ ಮರಣಾನಂತರ, 1640ರಲ್ಲಿ, ರಾಚೋಲಿನಲ್ಲಿ ಮುದ್ರಿತವಾಯಿತು. ಇದು ಮೊದಲನೆಯ ದಾರಿ.

ಎರಡನೆಯದು ಅಧಿಕಾರದ ದಾರಿ. 1684ರಲ್ಲಿ ಗೋವೆಯ ಪೋರ್ಚುಗೀಸ್ ಆಡಳಿತವು, ಜನರು ಮೂರು ವರ್ಷಗಳೊಳಗೆ ತಮ್ಮ ಭಾಷೆಯನ್ನು ತೊರೆದು ಪೋರ್ಚುಗೀಸನ್ನು ರೂಢಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿತು. ಆ ಆಜ್ಞೆಯ ಫಲವೇನಾಯಿತು? ಪೋರ್ಚುಗೀಸ್ ಜನಸಾಮಾನ್ಯರ ಭಾಷೆಯಾಗಲಿಲ್ಲ. ಕೊಂಕಣಿಯೂ ಸಾಯಲಿಲ್ಲ, ಆದರೆ ಅದರ ವಿದ್ಯೆ ಮತ್ತು ಸಾಹಿತ್ಯದ ಬೆಳವಣಿಗೆಗೆ ಬಿದ್ದ ಪೆಟ್ಟು ದೊಡ್ಡದು. ದಕ್ಷಿಣಕ್ಕೆ ವಲಸೆ ಬಂದ ನಮ್ಮ ಪೂರ್ವಿಕರು ಆ ನುಡಿಯನ್ನು ಒಡಲಲ್ಲಿಟ್ಟುಕೊಂಡು ಬಂದು, ಕನ್ನಡದ ಲಿಪಿಯನ್ನು ಅದಕ್ಕೆ ಉಡುಗೆಯಾಗಿ ತೊಡಿಸಿದರು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಕೊಂಕಣಿಗೆ ಸ್ಥಾನ ದೊರೆತದ್ದು 1992ರಲ್ಲಿ. ಆಜ್ಞೆ ಹೊರಟು ಮುನ್ನೂರ ಎಂಟು ವರ್ಷಗಳ ತರುವಾಯ.

ಮಂಗಳೂರಿನಲ್ಲಿ 1880ರಲ್ಲಿ ಇಟಲಿಯ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿ ಇಂಗ್ಲಿಷ್ ವಿದ್ಯೆಗೆ ಮಾರ್ಗ ತೆರೆದರು. ಅದೇ ಕಾಲದಲ್ಲಿ ಅದೇ ಸಭೆಯ ಆಂಜೆಲೊ ಮಾಫೆಯಿ ಗುರುಗಳು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್–ಕೊಂಕಣಿ ನಿಘಂಟನ್ನೂ ಹೊರತಂದರು. ಇವು ಮುದ್ರಿತವಾದದ್ದು ಪ್ರಾಟೆಸ್ಟೆಂಟರ ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ ಎಂಬುದು ಗಮನಾರ್ಹ. ಅದೇ ಮುದ್ರಣಾಲಯದಿಂದ 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಇಂಗ್ಲಿಷ್ ವಿದ್ಯೆ ಈ ಕರಾವಳಿಗೆ ಬಂದ ಕಾಲದಲ್ಲಿಯೇ, ಇಲ್ಲಿಯ ನುಡಿಗಳ ಒಂದೊಂದು ಪದವನ್ನೂ ಗೌರವದಿಂದ ಬರೆದಿಟ್ಟುಕೊಂಡ ವಿದ್ವಾಂಸರೂ ಇಲ್ಲಿದ್ದರು. ನಿಘಂಟಿನ ಎರಡು ಸಾಲುಗಳಂತೆ ಎರಡು ಭಾಷೆಗಳೂ ಎದುರುಬದುರಾಗಿ ಸಮಾನವಾಗಿ ನಿಂತವು. ಇಂದಿನ ಶಿಕ್ಷಕರು ನಡೆಯಬೇಕಾದುದು ಸ್ಟೀಫನ್ಸ್, ಮಾಫೆಯಿಯವರ ದಾರಿಯೇ ಹೊರತು 1684ರ ಆಜ್ಞೆಯ ದಾರಿಯಲ್ಲ.

ಅನ್ಯ ದೇಶಗಳ ಅನುಭವ

ಈ ಪ್ರಶ್ನೆ ನಮ್ಮದು ಮಾತ್ರವೇ ಅಲ್ಲ. ಇಂಗ್ಲಿಷೇ ವ್ಯವಹಾರಭಾಷೆಯಾಗಿರುವ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ, ಅನ್ಯ ಮನೆಮಾತಿನ ಮಕ್ಕಳಿಗೆ ಇಂಗ್ಲಿಷನ್ನು ಹೇಗೆ ಕಲಿಸಬೇಕೆಂಬ ವಿಚಾರವು ನ್ಯಾಯಾಲಯದ ಮೆಟ್ಟಿಲನ್ನೇ ಏರಿತು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಶಾಲೆಗಳಲ್ಲಿ ಸುಮಾರು 1,800 ಚೀನೀ ಮೂಲದ ಮಕ್ಕಳು, ಇಂಗ್ಲಿಷ್ ಬಾರದಿದ್ದರೂ ಯಾವ ವಿಶೇಷ ನೆರವೂ ಇಲ್ಲದೆ ಕುಳಿತಿದ್ದರು. ಎಲ್ಲರಿಗೂ ಅದೇ ಪುಸ್ತಕ, ಅದೇ ಶಿಕ್ಷಕ, ಅದೇ ಕೊಠಡಿ. ಇನ್ನೇನು ಬೇಕು ಎಂಬುದು ಆಡಳಿತದ ವಾದವಾಗಿತ್ತು. 1974ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಸರ್ವಾನುಮತದಿಂದ ತಳ್ಳಿಹಾಕಿತು. ಅರ್ಥವಾಗದ ಭಾಷೆಯಲ್ಲಿ ಒಂದೇ ಪುಸ್ತಕವನ್ನು ಎಲ್ಲರ ಕೈಗೂ ಕೊಟ್ಟರೆ ಅದು ಸಮಾನತೆ ಆಗದೆಂಬುದೇ ಆ ತೀರ್ಪಿನ ಸಾರ.

ಅರಿಜೋನಾ ಪ್ರಾಂತ್ಯದ ಟೂಸಾನ್ ನಗರದಲ್ಲಿ ಲೂಯಿಸ್ ಮೋಲ್ ಮತ್ತು ಸಂಗಡಿಗರು ಶಿಕ್ಷಕರನ್ನೇ ಮೆಕ್ಸಿಕೊ ಮೂಲದ ದುಡಿಮೆಗಾರರ ಮನೆಗಳಿಗೆ ಕಳುಹಿಸಿದರು. ಬುದ್ಧಿ ಹೇಳಲು ಅಲ್ಲ, ಕಲಿತು ಬರಲು. ಶಾಲೆಯು ಬಡವರೆಂದೂ ಅಕ್ಷರಹೀನರೆಂದೂ ಎಣಿಸಿದ್ದ ಆ ಮನೆಗಳಲ್ಲಿ ಬೇಸಾಯ, ಗಣಿಗಾರಿಕೆ, ಕಟ್ಟಡ ಕೆಲಸ, ಗಿಡಮೂಲಿಕೆ, ವ್ಯಾಪಾರ ಇವುಗಳ ಅಪಾರವಾದ ತಿಳಿವು ಶೇಖರವಾಗಿತ್ತು. 1992ರಲ್ಲಿ ಅವರು ಪ್ರಕಟಿಸಿದ ಲೇಖನವು ಇದನ್ನು ‘ಜ್ಞಾನನಿಧಿ’ಗಳೆಂದು ಕರೆಯಿತು. ಮೆಕ್ಸಿಕೊದ ಮಿಠಾಯಿ ಮಾರುತ್ತಿದ್ದ ಒಬ್ಬ ಹುಡುಗನ ಅನುಭವವನ್ನೇ ಹಿಡಿದು ಶಿಕ್ಷಕಿಯೊಬ್ಬರು ತರಗತಿಗೆ ಪಾಠವನ್ನು ಹೆಣೆದರು. ಗ್ಲೋರಿಯಾ ಲ್ಯಾಡ್‌ಸನ್–ಬಿಲಿಂಗ್ಸ್ ಎಂಬ ವಿದುಷಿಯು 1995ರಲ್ಲಿ ಇಂತಹ ಬೋಧನೆಗೆ ಮೂರು ಲಕ್ಷಣಗಳನ್ನು ಹೇಳಿದರು: ಮಗು ನಿಜವಾಗಿಯೂ ವಿದ್ಯೆಯಲ್ಲಿ ಮುಂದುವರಿಯಬೇಕು, ತನ್ನ ಸಂಸ್ಕೃತಿಯಲ್ಲಿ ನೆಲೆಯೂರಿರಬೇಕು, ಸಮಾಜದ ಅನ್ಯಾಯವನ್ನು ಗುರುತಿಸುವ ಕಣ್ಣು ಅದಕ್ಕೆ ಬರಬೇಕು. ಮೊದಲನೆಯ ಲಕ್ಷಣವನ್ನು ನಾವು ಒತ್ತಿ ಹೇಳಬಯಸುತ್ತೇವೆ. ಹಬ್ಬದ ದಿನ ಮಕ್ಕಳಿಗೆ ಸಾಂಪ್ರದಾಯಿಕ ಉಡುಗೆ ತೊಡಿಸಿ ವೇದಿಕೆಯ ಮೇಲೆ ನಿಲ್ಲಿಸಿದರೆ ಸಂಸ್ಕೃತಿಗೆ ಗೌರವ ಸಲ್ಲಿಸಿದಂತಾಗುವುದಿಲ್ಲ. ಮಗು ಓದಲು ಬರೆಯಲು ಕಲಿತಾಗಲೇ ಆ ಗೌರವ ಪೂರ್ಣವಾಗುವುದು.

ಕೆನಡಾ ದೇಶದ ವಿದ್ವಾಂಸ ಜಿಮ್ ಕಮಿನ್ಸರ ಇನ್ನೊಂದು ವಿಚಾರವನ್ನು ತಂದೆತಾಯಂದಿರು ಮನಸ್ಸಿಟ್ಟು ಕೇಳಬೇಕು. ಆಟದ ಬಯಲಿನ ಇಂಗ್ಲಿಷ್ ಬೇರೆ, ಪಠ್ಯಪುಸ್ತಕದ ಇಂಗ್ಲಿಷ್ ಬೇರೆ. ಸುತ್ತಲೂ ಇಂಗ್ಲಿಷೇ ಕೇಳಿಬರುವ ದೇಶದಲ್ಲಿ ಸಹ, ಮಾತಿನ ಸರಾಗತೆ ಎರಡು ವರ್ಷಗಳಲ್ಲಿ ಬಂದರೆ ವಿದ್ಯೆಯ ಭಾಷೆ ಕೈಗೂಡಲು ಐದರಿಂದ ಏಳು ವರ್ಷಗಳು ಬೇಕಾಗುತ್ತವೆಂದು ಅವರು ತೋರಿಸಿದರು. ಹೀಗಿರುವಲ್ಲಿ ಒಂದೇ ವರ್ಷದಲ್ಲಿ ಇಂಗ್ಲಿಷ್ ಬರಲಿಲ್ಲವೆಂದು ಮಗುವನ್ನು ದಡ್ಡನೆಂದು ಕರೆಯುವುದು ಮಾವಿನ ಸಸಿಯನ್ನು ನೆಟ್ಟ ವರ್ಷವೇ ಹಣ್ಣು ಕೇಳಿದಂತೆ. ಮನೆಮಾತಿನಲ್ಲಿ ಚೆನ್ನಾಗಿ ಓದಿ ಆಲೋಚಿಸಬಲ್ಲ ಮಗುವಿನ ಆ ಶಕ್ತಿಯೇ ಎರಡನೆಯ ಭಾಷೆಗೂ ಹರಿದುಬರುವುದೆಂಬುದು ಅವರ ಸಿದ್ಧಾಂತದ ತಿರುಳು. ಮನೆಮಾತು ಇಂಗ್ಲಿಷಿಗೆ ಅಡ್ಡಿಯಲ್ಲ, ಅಡಿಪಾಯ.

ನಮ್ಮ ತರಗತಿಯ ಒಳಗೆ

ಈಗ ನಮ್ಮ ಕೊಠಡಿಯೊಳಗೆ ಪ್ರವೇಶಿಸೋಣ. ನಮ್ಮ ಊರಿನ ಆರು ವರ್ಷದ ಮಗುವೊಂದು ಅಜ್ಜಿಯೊಡನೆ ಕೊಂಕಣಿಯಲ್ಲಿ ಮಾತನಾಡುತ್ತದೆ, ನೆರೆಮನೆಯ ಗೆಳೆಯರೊಡನೆ ತುಳುವಿನಲ್ಲಿ ಆಡುತ್ತದೆ, ಅಂಗಡಿಯಲ್ಲಿಯೂ ಬಸ್ಸಿನಲ್ಲಿಯೂ ಕನ್ನಡವನ್ನು ಬಳಸುತ್ತದೆ. ಯಾರೊಡನೆ ಯಾವ ಭಾಷೆ ಎಂಬ ವಿವೇಚನೆಯೂ ಅದಕ್ಕೆ ಇದೆ. ಇಂತಹ ಮಗು ನಾಲ್ಕನೆಯ ಭಾಷೆಯಲ್ಲಿ ಎರಡು ತಪ್ಪು ಮಾಡಿದ ಕೂಡಲೇ ‘ಇದಕ್ಕೆ ಭಾಷೆಯೇ ಬಾರದು’ ಎಂದು ತೀರ್ಮಾನಿಸುವುದು ಎಂತಹ ನ್ಯಾಯ?

ಮಗುವಿನ ತಪ್ಪುಗಳನ್ನು ಮನೆಮಾತಿನ ಬೆಳಕಿನಲ್ಲಿ ನೋಡಿದರೆ ಅವು ತಪ್ಪುಗಳೆನಿಸದೆ ದಾರಿಗುರುತುಗಳೆನಿಸುತ್ತವೆ. ಕನ್ನಡ, ತುಳು, ಕೊಂಕಣಿ ಈ ಮೂರರಲ್ಲಿಯೂ ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ನಡುವೆ ಬರುತ್ತದೆ. ‘ಮನೆಯಲ್ಲಿ’ ಎಂಬಲ್ಲಿ ನಾವು ಹಿಂದೆ ಹಚ್ಚುವುದನ್ನು ಇಂಗ್ಲಿಷ್ ಮುಂದೆ ಇಡುತ್ತದೆ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎನ್ನುವ ನಮಗೆ, ತಮ್ಮಂದಿರನ್ನು ಕೈಯಲ್ಲಿ ಹಿಡಿದಂತೆ ‘ಐ ಹ್ಯಾವ್’ ಎನ್ನುವುದು ವಿಚಿತ್ರವಾಗಿ ತೋರುತ್ತದೆ. ಶಿಕ್ಷಕರು ಎರಡು ವಾಕ್ಯಗಳನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಪದಗಳಿಂದ ಪದಗಳಿಗೆ ಗೆರೆಯೆಳೆದು ತೋರಿಸಿದರೆ ಐದು ನಿಮಿಷದಲ್ಲಿ ಅರ್ಥವಾಗುವುದನ್ನು, ಬೆತ್ತ ಹಿಡಿದು ಐವತ್ತು ಸಲ ಹೇಳಿಸಿದರೂ ಅರ್ಥ ಮಾಡಿಸಲಾಗದು.

ಉಚ್ಚಾರಣೆಯ ವಿಷಯವೂ ಹೀಗೆಯೇ. ಕನ್ನಡದ ಮಗು ‘ಬಸ್ಸು’, ‘ಬುಕ್ಕು’ ಎಂದು ಕೊನೆಯಲ್ಲಿ ಸ್ವರವನ್ನು ಸೇರಿಸುತ್ತದೆ. ಅದು ಕನ್ನಡದ ಜಾಯಮಾನ. ಆದರೆ ಕೊಂಕಣಿಯಲ್ಲಿ ‘ದೇವ್’, ‘ಘರ್’ ಎಂಬಂತೆ ವ್ಯಂಜನದಲ್ಲಿಯೇ ನಿಲ್ಲುವ ಪದಗಳು ಹೇರಳ. ಆದುದರಿಂದ ಕೊಂಕಣಿಯ ಮಗುವನ್ನು ಎಬ್ಬಿಸಿ ನಿಲ್ಲಿಸಿ, ‘ದೇವ್ ಎನ್ನುವಾಗ ಹೇಗೆ ನಿಲ್ಲಿಸುವೆಯೋ ಹಾಗೆಯೇ ಬುಕ್ ಎಂದು ನಿಲ್ಲಿಸಿ ತೋರಿಸು’ ಎಂದರೆ ಆ ಮಗುವೇ ಇಡೀ ತರಗತಿಗೆ ಗುರುವಾಗುತ್ತದೆ. ಶಾಲೆಯಲ್ಲಿ ಬಾಯಿ ಬಿಡಬಾರದೆಂದು ಯಾವ ಮಾತನ್ನು ತಡೆಯಲಾಗುತ್ತಿತ್ತೋ ಅದೇ ಮಾತು ಇಂಗ್ಲಿಷಿಗೆ ನೆರವಾಗುತ್ತದೆ.

ಇನ್ನು ಸಂಸ್ಕಾರದ ವಿಷಯ. ಹಿರಿಯರಿಗೆ ‘ನೀವು’ ಎನ್ನಬೇಕೆಂದು ಮನೆಯಲ್ಲಿ ಕಲಿತ ಮಗುವಿಗೆ, ಗುರುಗಳಿಗೂ ಗೆಳೆಯನಿಗೂ ಒಂದೇ ‘ಯು’ ಎನ್ನಲು ಸಂಕೋಚವಾಗುತ್ತದೆ. ತಂದೆಯನ್ನು ಕುರಿತು ‘ಅವರು’ ಎನ್ನುವ ಮಗು ಇಂಗ್ಲಿಷಿನಲ್ಲಿಯೂ ‘ದೇ’ ಎಂದುಬಿಡುತ್ತದೆ. ಇದು ಅಜ್ಞಾನವಲ್ಲ, ಮರ್ಯಾದೆ. ಇಂಗ್ಲಿಷಿನಲ್ಲಿ ಮರ್ಯಾದೆಯು ಸರ್ವನಾಮದಲ್ಲಿ ಇಲ್ಲ, ‘ಪ್ಲೀಸ್’, ‘ಮೇ ಐ’ ಮುಂತಾದ ಮಾತುಗಳಲ್ಲಿಯೂ ಧ್ವನಿಯಲ್ಲಿಯೂ ಇದೆ ಎಂದು ತಿಳಿಹೇಳಿದರೆ ಮಗುವಿನ ಸಂಕೋಚ ಕರಗುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರನ್ನೂ ‘ಅಂಕಲ್’ ಎಂಬ ಒಂದೇ ಪದದಲ್ಲಿ ಕಟ್ಟಿಹಾಕುವ ಮೊದಲು, ಈ ಸಂಬಂಧಗಳನ್ನು ಇಂಗ್ಲಿಷಿನಲ್ಲಿ ವಿವರಿಸಿ ಹೇಳೆಂದು ಕೇಳಿದರೆ ಅದೇ ಉತ್ತಮವಾದ ವಾಕ್ಯರಚನೆಯ ಪಾಠ. ಹಿರಿಯರ ಮುಂದೆ ಕಣ್ಣು ತಗ್ಗಿಸಿ ಮೌನವಾಗಿ ನಿಲ್ಲುವ ಮಗುವನ್ನು ಮಂದಮತಿಯೆಂದು ಭಾವಿಸುವ ಶಿಕ್ಷಕರು ಆ ಮೌನದ ಭಾಷೆಯನ್ನು ಇನ್ನೂ ಕಲಿಯಬೇಕಾಗಿದೆ.

ಪಾಠದ ವಸ್ತುವನ್ನು ಕುರಿತೂ ಒಂದು ಮಾತು. ಹಿಮ ಬೀಳುವ ನಾಡಿನ ಕಥೆಗಳನ್ನು ಓದಬಾರದೆಂದಲ್ಲ. ಜಗತ್ತು ವಿಶಾಲವಾದುದು, ಮಗು ಅದನ್ನು ಅರಿಯಬೇಕು. ಆದರೆ ಮುಂಗಾರಿಗಾಗಿ ಮೊರೆಯಿಡುವ ರೈತನ ಮಗುವಿಗೆ ಮಳೆಯನ್ನು ಓಡಿಸುವ ಶಿಶುಗೀತೆಯೇ ಮೊದಲ ಪಾಠವಾಗಬೇಕೇ? ಸೆಪ್ಟೆಂಬರ್ 8ರಂದು ನಾವು ಕನ್ಯಾಮಾತೆಯ ಜನನೋತ್ಸವವನ್ನು ತೆನೆಹಬ್ಬವಾಗಿ ಆಚರಿಸುತ್ತೇವೆ. ಒಂಬತ್ತು ದಿನ ಮಕ್ಕಳು ಹೂಗಳನ್ನು ತಂದು ಮಾತೆಗೆ ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಬಾಳೆಯೆಲೆಯ ಮೇಲೆ ಸಸ್ಯಾಹಾರದ ಊಟವಾಗುತ್ತದೆ. ಆ ಒಂಬತ್ತು ದಿನಗಳಲ್ಲಿ ದಿನಕ್ಕೆ ಐದು ಇಂಗ್ಲಿಷ್ ಪದಗಳಂತೆ ಕಲಿಸಿದರೆ ಹೂ, ತೆನೆ, ಹೊಟ್ಟು, ಕೊಯಿಲು, ಹಂಚುವುದು ಮೊದಲಾದ ನಾಲ್ವತ್ತೈದು ಪದಗಳು ಮಗುವಿನ ಅನುಭವದಲ್ಲಿ ಬೇರೂರುತ್ತವೆ. ಭತ್ತ, ಅಕ್ಕಿ, ಅನ್ನ ಎಂಬ ನಮ್ಮ ಮೂರು ಪದಗಳಿಗೆ ಇಂಗ್ಲಿಷಿನಲ್ಲಿ ಎರಡೇ ಪದಗಳೇಕೆ ಎಂದು ಮಗು ಕೇಳಲಿ. ಆ ಪ್ರಶ್ನೆ ಕೇಳಿದ ಮಗು ಭಾಷಾವಿಜ್ಞಾನದ ಹೊಸ್ತಿಲಲ್ಲಿ ನಿಂತಿರುತ್ತದೆ.

ಇಂಗ್ಲಿಷ್ ನಮಗೆ ಪೂರ್ತಿ ಪರಕೀಯವೂ ಅಲ್ಲ. ನಮ್ಮ ಪಶ್ಚಿಮ ಕರಾವಳಿಯ ನುಡಿಗಳಿಂದ, ವಿಶೇಷವಾಗಿ ಮಲಯಾಳದಿಂದ, ಬಹುಪಾಲು ಪೋರ್ಚುಗೀಸರ ಮೂಲಕ ಅನೇಕ ಪದಗಳು ಇಂಗ್ಲಿಷಿಗೆ ಹೋಗಿ ಸೇರಿವೆ. ನಮ್ಮ ಕೊಬ್ಬರಿಯ ಬಂಧುವೇ ‘ಕೋಪ್ರ’. ತೇಗದ ಬಂಧು ‘ಟೀಕ್’. ಅಡಿಕೆಯ ಬಂಧು ‘ಅರೀಕ’. ಮಾವಿನ ಬಂಧು ‘ಮ್ಯಾಂಗೋ’. ತನ್ನ ತೋಟದ ಪದಗಳು ಕಡಲು ದಾಟಿ ಇಂಗ್ಲಿಷಿನ ನಿಘಂಟಿನಲ್ಲಿ ಕುಳಿತಿವೆಯೆಂದು ತಿಳಿದ ಮಗು ಇಂಗ್ಲಿಷಿನ ಮುಂದೆ ಬೆದರಿ ನಿಲ್ಲುವುದಿಲ್ಲ.

ಮೌನವಾಗಿದ್ದ ಒಂದು ಮಗು

ನಮ್ಮ ಶಾಲೆಯ ಮೂರನೆಯ ತರಗತಿಗೆ ಕೊಪ್ಪಳದ ಕಡೆಯ ಕೂಲಿ ಕುಟುಂಬದ ಒಬ್ಬ ಬಾಲಕಿ ಬಂದು ಸೇರಿದ್ದಳು. ತಂದೆಗೆ ರಸ್ತೆ ಕೆಲಸ. ಅವಳ ಉತ್ತರದ ಕನ್ನಡವನ್ನು ಕೇಳಿ ಉಳಿದ ಮಕ್ಕಳು ನಗುತ್ತಿದ್ದರು. ಇಂಗ್ಲಿಷಂತೂ ಅವಳಿಗೆ ಕಾಡಿನಂತೆ. ನಾಲ್ಕು ತಿಂಗಳು ಅವಳು ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಒಂದು ದಿನ ಆಹಾರದ ಪಾಠ ಬಂದಾಗ ಶಿಕ್ಷಕಿಯು ಅವಳನ್ನು ಮುಂದಕ್ಕೆ ಕರೆದು, ಜೋಳದ ರೊಟ್ಟಿ ಬಡಿಯುವುದನ್ನು ತೋರಿಸೆಂದರು. ಮಗು ನಾದಿದಂತೆ, ತಟ್ಟಿದಂತೆ, ತಿರುವಿ ಹಾಕಿದಂತೆ ಕೈಯಾಡಿಸಿತು. ಪ್ರತಿಯೊಂದು ಕ್ರಿಯೆಗೂ ಶಿಕ್ಷಕಿ ಇಂಗ್ಲಿಷ್ ಪದ ಕೊಟ್ಟರು. ಕರಾವಳಿಯ ಮಕ್ಕಳಿಗೆ ಆ ರೊಟ್ಟಿಯ ವಿದ್ಯೆ ಬಾರದು. ಆ ಗಳಿಗೆಯಲ್ಲಿ ಅವಳೇ ಬಲ್ಲವಳು. ಅಂದು ಅವಳು ಇಂಗ್ಲಿಷಿನಲ್ಲಿ ಐದು ವಾಕ್ಯಗಳನ್ನು ಹೇಳಿದಳು. ಅನಂತರ ಅವಳು ಓದತೊಡಗಿದಳು.

ವರ್ಷ ಮುಗಿಯುವ ಮೊದಲೇ ತಂದೆಯ ಕೆಲಸ ಬೇರೊಂದು ಊರಿಗೆ ಸಾಗಿತು, ಮಗುವೂ ಹೋಯಿತು. ಮುಂದಿನ ಶಾಲೆಯಲ್ಲಿ ಅವಳನ್ನು ರೊಟ್ಟಿ ಬಲ್ಲವಳೆಂದು ಬರಮಾಡಿಕೊಂಡರೋ, ಏನೂ ಬಾರದವಳೆಂದು ಹಿಂದಿನ ಬೆಂಚಿಗೆ ಕಳುಹಿಸಿದರೋ ನಾವರಿಯೆವು. ಇಂತಹ ಮಕ್ಕಳು ಇಂದು ನಮ್ಮ ಧರ್ಮಕೇಂದ್ರದ ಎಲ್ಲೆಯೊಳಗೆ ಇದ್ದಾರೆ. ಜಾರ್ಖಂಡದಿಂದ ದುಡಿಯಲು ಬಂದ ಕುಟುಂಬಗಳು ಭಾನುವಾರ ನಮ್ಮ ದೇವಾಲಯದ ಹಿಂದಿನ ಸಾಲಿನಲ್ಲಿ ಮೊಣಕಾಲೂರುತ್ತವೆ. ಅವರಲ್ಲಿ ಕೆಲವರ ಮನೆಮಾತಾದ ಕುರುಖ್ ಭಾಷೆಯು ಕನ್ನಡ ತುಳುಗಳಂತೆಯೇ ದ್ರಾವಿಡ ಕುಲಕ್ಕೆ ಸೇರಿದ್ದು. ಅವರು ನಮಗೆ ಧರ್ಮದಲ್ಲಿ ಮಾತ್ರವಲ್ಲ, ನುಡಿಯಲ್ಲಿಯೂ ಬಂಧುಗಳು. ಹಿಂದಿನ ಸಾಲಿನ ಆ ಮಕ್ಕಳಿಗೆ ಶಾಲೆಯಲ್ಲಿಯೂ ಹಿಂದಿನ ಬೆಂಚೇ ಗತಿಯಾಗಬಾರದು.

ದಂಡದ ಪದ್ಧತಿ

ನಾವು ಬಾಲ್ಯದಲ್ಲಿ ಕಂಡ ಒಂದು ಶಾಲೆಯಲ್ಲಿ ಮರದ ಬಿಲ್ಲೆಯೊಂದಿತ್ತು. ಮನೆಮಾತನ್ನಾಡಿದ ಹುಡುಗನ ಕೈಗೆ ಅದನ್ನು ಕೊಡುತ್ತಿದ್ದರು. ಅವನು ಇನ್ನೊಬ್ಬನು ಮನೆಮಾತಾಡುವುದನ್ನು ಕದ್ದು ಕೇಳಿ ಬಿಲ್ಲೆಯನ್ನು ಅವನಿಗೆ ದಾಟಿಸಬೇಕು. ಸಂಜೆ ಯಾರ ಕೈಯಲ್ಲಿ ಉಳಿಯಿತೋ ಅವನಿಗೆ ಪೆಟ್ಟು. ಆ ಬಿಲ್ಲೆಯಿಂದ ಯಾರೂ ಇಂಗ್ಲಿಷ್ ಕಲಿಯಲಿಲ್ಲ. ಗೆಳೆಯನ ಮೇಲೆ ಗೂಢಚರ್ಯೆ ಮಾಡುವುದನ್ನು ಕಲಿತೆವು. ತಾಯಿಯ ಮಾತು ಅಪರಾಧವೆಂಬುದನ್ನು ಕಲಿತೆವು. ಮರದ ಬಿಲ್ಲೆ ಹೋಗಿದ್ದರೂ ಒಂದು ಮಾತಿಗೆ ಇಷ್ಟು ರೂಪಾಯಿ ದಂಡವೆಂಬ ಪದ್ಧತಿ ಕೆಲವೆಡೆ ಇಂದಿಗೂ ಉಳಿದಿದೆ. ಯಾವ ಮಾತಿನಲ್ಲಿ ಮಗು ಮೊದಲು ಶಿಲುಬೆಯ ಗುರುತು ಮಾಡಲು ಕಲಿಯಿತೋ ಆ ಮಾತಿಗೆ ಕ್ರೈಸ್ತ ಶಾಲೆಯಲ್ಲಿ ದಂಡವೇ?

ಸರಕಾರಗಳ ನೀತಿಗಳು ಬಂದು ಹೋಗುತ್ತವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು 1994ರಲ್ಲಿ ಕರ್ನಾಟಕ ಸರಕಾರ ಆದೇಶಿಸಿತು. ಮಾಧ್ಯಮವನ್ನು ಸರಕಾರ ಹೇರಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆಯ್ಕೆ ಈಗ ತಂದೆತಾಯಂದಿರ ಕೈಗೆ ಬಂದಿದೆ. ಕೈಗೆ ಬಂದ ಹಕ್ಕಿನೊಡನೆ ಹೊಣೆಯೂ ಬರುತ್ತದೆ.

ನಮ್ಮ ವಿಜ್ಞಾಪನೆ

ಆದುದರಿಂದ ಈ ಶತಮಾನೋತ್ಸವದ ನೆನಪಿಗೆ ಕಲ್ಲಿನ ಫಲಕದ ಜೊತೆಗೆ ನಾಲ್ಕು ಸಂಕಲ್ಪಗಳನ್ನು ಕೈಗೊಳ್ಳೋಣವೆಂದು ವಿಜ್ಞಾಪಿಸುತ್ತೇವೆ.

ಒಂದನೆಯದಾಗಿ, ಮನೆಮಾತನ್ನಾಡಿದುದಕ್ಕಾಗಿ ನಮ್ಮ ಶಾಲೆಯ ಯಾವ ಮಗುವಿಗೂ ದಂಡವಾಗಲಿ ಅವಮಾನವಾಗಲಿ ಆಗಕೂಡದು. ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷನ್ನು ಹೆಚ್ಚು ಬಳಸೋಣ. ಅರ್ಥವಾಗದೆಡೆಯಲ್ಲಿ ಮನೆಮಾತಿನ ದೀಪವನ್ನು ಹಿಡಿಯೋಣ.

ಎರಡನೆಯದಾಗಿ, ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೊಮ್ಮೆಯಾದರೂ ತಮ್ಮ ತರಗತಿಯ ಪ್ರತಿಯೊಂದು ಮಗುವಿನ ಮನೆಗೆ ಹೋಗಬೇಕು. ಧರ್ಮಗುರುಗಳು ಮನೆಗಳನ್ನು ಆಶೀರ್ವದಿಸಲು ಹೋಗುವಾಗ ಗುರಿಕಾರರು ಜೊತೆಗೂಡುವಂತೆ ಶಿಕ್ಷಕರೊಡನೆಯೂ ಹೋಗಲಿ. ಮಗುವಿನ ದೂರು ಹೇಳಲು ಬೇಡ. ಆ ಮನೆಯವರು ಏನನ್ನು ಬಲ್ಲರೆಂದು ತಿಳಿದು ಬರಲು.

ಮೂರನೆಯದಾಗಿ, ಮಕ್ಕಳು ಮನೆಯ ಹಿರಿಯರಿಂದ ಈ ಧರ್ಮಕೇಂದ್ರದ ಹಳೆಯ ಸಂಗತಿಗಳನ್ನು ಕೇಳಿ ಮನೆಮಾತಿನಲ್ಲಿ ಬರೆದುಕೊಳ್ಳಲಿ. ಅನಂತರ ಶಿಕ್ಷಕರ ನೆರವಿನಿಂದ ಸರಳವಾದ ಇಂಗ್ಲಿಷಿಗೆ ತರಲಿ. ಎರಡನ್ನೂ ಎದುರುಬದುರು ಪುಟಗಳಲ್ಲಿ ಅಚ್ಚು ಹಾಕಿಸಿ ಶಾಲೆಯ ಓದುಪುಸ್ತಕವನ್ನಾಗಿ ಮಾಡೋಣ. ಅಜ್ಜಿಯ ಮಾತು ಮೊಮ್ಮಗಳ ಇಂಗ್ಲಿಷ್ ಪಾಠವಾಗುವುದಕ್ಕಿಂತ ಮಿಗಿಲಾದ ಸ್ಮಾರಕ ಯಾವುದು?

ನಾಲ್ಕನೆಯದು ತಂದೆತಾಯಂದಿರಿಗೆ. ನಿಮಗೆ ಇಂಗ್ಲಿಷ್ ಬಾರದೆಂದು ಮಕ್ಕಳ ಮುಂದೆ ಕುಗ್ಗಬೇಡಿರಿ. ಬಾರದ ಇಂಗ್ಲಿಷಿನಲ್ಲಿ ಮಕ್ಕಳೊಡನೆ ನಾಲ್ಕು ಮುರುಕು ಮಾತನಾಡುವುದಕ್ಕಿಂತ, ಬಲ್ಲ ಮಾತಿನಲ್ಲಿ ಕಥೆ ಹೇಳಿರಿ, ಲೆಕ್ಕ ಕೇಳಿರಿ, ಸಂಜೆಯ ಜಪಮಾಲೆಯನ್ನು ತುಂಬು ಮನಸ್ಸಿನಿಂದ ನಡೆಸಿರಿ. ನೀವು ಮನೆಯಲ್ಲಿ ತುಂಬಿಸಿದ ಮಾತಿನ ಭಂಡಾರವೇ ಶಾಲೆಯಲ್ಲಿ ಇಂಗ್ಲಿಷಾಗಿ ಮರಳುವುದು. ಇಂಗ್ಲಿಷ್ ಕಲಿತ ಮಗನು ದೂರದ ನಾಡಿಗೆ ಹೋದ ಮೇಲೆ ತಾಯಿಯೊಡನೆ ಮನಸ್ಸು ಬಿಚ್ಚಿ ಮಾತನಾಡಲು ಯಾವ ಭಾಷೆಯೂ ಉಳಿಯದಿದ್ದರೆ ಆ ಗಳಿಕೆಯಿಂದ ಫಲವೇನು?

ಶಿಕ್ಷಕ ಬಂಧುಗಳೇ, ಇದು ಸುಲಭವಾದ ಕೆಲಸವಲ್ಲವೆಂದು ನಾವು ಬಲ್ಲ‌ೆವು. ತುಂಬಿದ ತರಗತಿ, ಮುಗಿಸಲೇಬೇಕಾದ ಪಾಠಪಟ್ಟಿ, ಸಮೀಪಿಸುವ ಪರೀಕ್ಷೆ ಇವುಗಳ ನಡುವೆ ಒಂದೊಂದು ಮಗುವಿನ ಮನೆಯನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ತಪಸ್ಸೇ ಸರಿ. ಆದರೆ ಒಳ್ಳೆಯ ಕುರಿಗಾಹಿಯು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುವನೆಂದು ಪ್ರಭುವು ಬೋಧಿಸಿದ್ದಾರೆ. ಹೆಸರು ಹಿಡಿದು ಕರೆಯುವುದೆಂದರೆ ಹಾಜರಿ ಪುಸ್ತಕದ ಹೆಸರನ್ನು ಕೂಗುವುದಷ್ಟೇ ಅಲ್ಲ. ಆ ಹೆಸರನ್ನು ಮನೆಯಲ್ಲಿ ತಾಯಿಯು ಯಾವ ಮಾತಿನಲ್ಲಿ, ಯಾವ ಅಕ್ಕರೆಯಿಂದ ಕರೆಯುವಳೆಂಬುದನ್ನು ಅರಿತಿರುವುದು.

ಮುಂದಿನ ನೂರು ವರ್ಷಗಳಲ್ಲಿ ಈ ಶಾಲೆಯಿಂದ ಹೊರಡುವ ಮಕ್ಕಳು ಇಂಗ್ಲಿಷಿನಲ್ಲಿ ತಲೆಯೆತ್ತಿ ಮಾತನಾಡುವಂತಾಗಲಿ. ಮನೆಗೆ ಬಂದು ತಮ್ಮ ನುಡಿಯಲ್ಲಿ ತಲೆಬಾಗಿ ಪ್ರಾರ್ಥಿಸುವಂತಾಗಲಿ. ಅನೇಕ ಭಾಷೆಗಳನ್ನು ಒಂದೇ ಆತ್ಮದಲ್ಲಿ ಒಂದುಗೂಡಿಸಿದ ಪವಿತ್ರಾತ್ಮರು ನಮ್ಮ ಶಿಕ್ಷಕರನ್ನೂ ತಂದೆತಾಯಂದಿರನ್ನೂ ಮಕ್ಕಳನ್ನೂ ಹರಸಲೆಂದು ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.